ಒಕ್ಕಲು, ಜೀತ, ಮುಯ್ಯಿ, ಹಕ್ಕು: ನೆರವಿನ ನಾಲ್ಕು ನುಡಿಗಳ ವಿಚಾರ

ಒಂದು ನಾಡಿನ ಬಾಳುವೆಯ ಚರಿತ್ರೆಯನ್ನು ತಿಳಿಯಬಯಸುವವರು ಶಾಸನಗಳನ್ನೂ ಕಂದಾಯದ ಕಡತಗಳನ್ನೂ ಪರಿಶೀಲಿಸುವುದು ವಾಡಿಕೆ. ಅದು ಯುಕ್ತವೇ ಸರಿ. ಆದರೆ ಅದೇ ಚರಿತ್ರೆ ಜನರು ದಿನನಿತ್ಯ ಆಡುವ ಮಾತುಗಳಲ್ಲಿಯೂ ಹುದುಗಿರುತ್ತದೆ. ಒಂದು ಪದ ಹುಟ್ಟಿದಾಗ ಇದ್ದ ಅರ್ಥ ಯಾವುದು, ಈಗ ಅದಕ್ಕೆ ಸಂದಿರುವ ಅರ್ಥ ಯಾವುದು, ನಡುವೆ ಏನು ನಡೆಯಿತು ಎಂದು ವಿಚಾರಿಸಿದರೆ, ಯಾರು ಏರಿದರು, ಯಾರು ಇಳಿದರು ಎಂಬುದು ತಾನಾಗಿ ಗೋಚರವಾಗುತ್ತದೆ.

ಕಷ್ಟದಲ್ಲಿರುವ ರೈತರಿಗೂ ಅರಣ್ಯವಾಸಿಗಳಾದ ಬುಡಕಟ್ಟಿನ ಬಂಧುಗಳಿಗೂ ನಾವು ಯಾವ ಬಗೆಯಲ್ಲಿ ಒದಗಬೇಕು ಎಂಬುದು ಪ್ರಕೃತ ಲೇಖನದ ವಿಷಯ. ಅರ್ಥಶಾಸ್ತ್ರಜ್ಞರು ಇದನ್ನು ಅಂಕಿಅಂಶಗಳಿಂದ ಪ್ರತಿಪಾದಿಸುತ್ತಾರೆ. ಭಾಷೆಯ ಉಪಾಧ್ಯಾಯನಾದವನಿಗೆ ಸುಲಭವಾದ ದಾರಿ ಪದಗಳ ದಾರಿ. ಆದುದರಿಂದ ಒಕ್ಕಲು, ಜೀತ, ಮುಯ್ಯಿ, ಹಕ್ಕು ಎಂಬ ನಾಲ್ಕು ನುಡಿಗಳನ್ನು ಒಂದೊಂದಾಗಿ ಎತ್ತಿಕೊಂಡು, ನಾಡಿನ ಉತ್ತರ ಭಾಗದ ಕಣಗಿನಹಾಳ ಮತ್ತು ದಕ್ಷಿಣದ ಬಿಳಿಗಿರಿರಂಗನ ಬೆಟ್ಟ ಎಂಬ ಎರಡು ನಿದರ್ಶನಗಳೊಡನೆ ಹೊಂದಿಸಿ ನೋಡಲು ಇಲ್ಲಿ ಯತ್ನಿಸಲಾಗಿದೆ. ನೆರವು ಪಡೆದವನನ್ನು ಮತ್ತೆ ನೆರವು ಬೇಡದ ಸ್ಥಿತಿಗೆ ಒಯ್ಯದಿದ್ದರೆ, ಎಷ್ಟೇ ಉದಾರವಾದ ಕೊಡುಗೆಯೂ ಅಪೂರ್ಣ ಎಂಬುದೇ ಇಲ್ಲಿ ಸಾಧಿಸಬೇಕಾದ ಅಂಶ.

1. ಒಕ್ಕಲು

ಒಕ್ಕಲು ಎಂದರೆ ಮನೆ, ಸಂಸಾರ, ನೆಲೆ. ನೆಲೆ ನಿಂತು ಬೇಸಾಯ ಮಾಡುವ ಕುಟುಂಬ. ಹಿಂದೆ ಒಂದು ಊರು ಎಷ್ಟು ದೊಡ್ಡದೆಂದು ಹೇಳಬೇಕಾದರೆ ಇಷ್ಟು ಒಕ್ಕಲಿನ ಊರು ಎಂದು ಎಣಿಸುತ್ತಿದ್ದರು. ಒಕ್ಕಲುತನ ಎಂದರೆ ವ್ಯವಸಾಯ. ಹೊಸ ಮನೆಗೆ ಕಾಲಿಡುವುದೂ ಒಕ್ಕಲಾಗುವುದೇ. ಒಂದು ದೈವಕ್ಕೆ ನಡೆದುಕೊಳ್ಳುವ ಮನೆತನದವರನ್ನು ಆ ದೈವದ ಒಕ್ಕಲು ಎನ್ನುತ್ತೇವೆ. ಚಾಮರಾಜನಗರದ ಸೀಮೆಯಲ್ಲಿ ಮಾದಪ್ಪನ ಒಕ್ಕಲು ಎಂಬ ಮಾತು ಇಂದಿಗೂ ಮನೆಮನೆಯಲ್ಲಿ ಉಂಟು. ಹೀಗೆ ನೆಲ, ಮನೆ, ದುಡಿಮೆ, ದೈವ ನಾಲ್ಕನ್ನೂ ಒಂದೇ ಪದ ಹಿಡಿದಿಟ್ಟಿದೆ. ಇವುಗಳಲ್ಲಿ ಒಂದು ಸಡಿಲಿದರೂ ಉಳಿದವು ಅಲುಗಾಡುತ್ತವೆ ಎಂಬ ಅನುಭವ ಈ ಪದದ ಹಿಂದೆ ಇದೆ.

ಇದೇ ಪದದಿಂದ ಹುಟ್ಟಿದ ಇನ್ನೊಂದು ಮಾತು ಒಕ್ಕಲೆಬ್ಬಿಸುವುದು. ನೆಲೆ ನಿಂತವರನ್ನು ಎಬ್ಬಿಸಿ ಕಳಿಸುವುದು ಎಂದು ಅರ್ಥ. ಸಾಲಕ್ಕೆ ಹೊಲ ಹೋದ ರೈತನೂ, ಅಭಯಾರಣ್ಯದ ಗಡಿ ಗುರುತಿಸಿದ ಮೇಲೆ ಹುಟ್ಟಿದ ಜಾಗ ಬಿಟ್ಟು ಬಂದ ಬುಡಕಟ್ಟಿನವನೂ ಒಕ್ಕಲೆದ್ದವರೇ. ಒಬ್ಬನನ್ನು ಎಬ್ಬಿಸಿದ್ದು ಸಾಲಪತ್ರ, ಇನ್ನೊಬ್ಬನನ್ನು ಎಬ್ಬಿಸಿದ್ದು ಸರ್ಕಾರಿ ಆಜ್ಞೆ. ಇಬ್ಬರ ಕೈಯಲ್ಲಿಯೂ ಇಲ್ಲದೆ ಹೋದದ್ದು ತಮ್ಮ ನೆಲೆಯನ್ನು ರುಜುವಾತುಪಡಿಸುವ ಒಂದು ಕಾಗದ. ರೈತನ ಸಮಸ್ಯೆ ಬೇರೆ, ಗಿರಿಜನರ ಸಮಸ್ಯೆ ಬೇರೆ ಎಂದು ವಿಂಗಡಿಸಿ ನೋಡುವ ನಮ್ಮ ಅಭ್ಯಾಸವನ್ನು ಈ ಒಂದು ಮಾತು ತಿದ್ದುತ್ತದೆ.

2015-16ರ ಕೃಷಿ ಗಣತಿಯ ಪ್ರಕಾರ ಭಾರತದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತಾರ 1.08 ಹೆಕ್ಟೇರು ಮಾತ್ರ. ನೂರಕ್ಕೆ 86ರಷ್ಟು ಹಿಡುವಳಿಗಳು ಎರಡು ಹೆಕ್ಟೇರಿಗಿಂತ ಕಡಮೆಯವು. ಇಷ್ಟು ನೆಲದ ಮೇಲೆ ಒಂದು ಸಂಸಾರ, ಒಂದು ಜೊತೆ ಎತ್ತು, ಒಂದು ಮದುವೆ, ಒಂದು ಕಾಯಿಲೆ ಎಲ್ಲವೂ ನಿಲ್ಲಬೇಕು. ಮಳೆ ಒಂದು ವರ್ಷ ಕೈಕೊಟ್ಟರೆ ನಿಲ್ಲುವುದಿಲ್ಲ. ಅಲ್ಲಿಂದ ಎರಡನೆಯ ಪದದ ಕಥೆ ಆರಂಭವಾಗುತ್ತದೆ.

2. ಜೀತ

ಇಂದು ಜೀತ ಎಂದೊಡನೆ ಸಾಲಕ್ಕೆ ಸಿಕ್ಕಿ ಒಡೆಯನ ಮನೆಯಲ್ಲಿ ದುಡಿಯುವ ಆಳಿನ ಚಿತ್ರ ಕಣ್ಣಮುಂದೆ ಬರುತ್ತದೆ. ಆದರೆ ಈ ಪದ ಸಂಸ್ಕೃತದ 'ಜೀವಿತ' ಶಬ್ದದ ತದ್ಭವ. ಬದುಕು, ಬದುಕಿಗೆ ಆಧಾರವಾದ ವೇತನ, ಸೇವೆಗಾಗಿ ಬಿಟ್ಟುಕೊಟ್ಟ ಉಂಬಳಿ ಎಂಬುದು ಇದರ ಹಿಂದಿನ ಅರ್ಥ. ಬಾಳಿಗೆ ಆಸರೆಯಾದುದನ್ನು ಹೇಳುತ್ತಿದ್ದ ಮಾತು ಕಾಲಕ್ರಮದಲ್ಲಿ ಬಾಳನ್ನೇ ಒತ್ತೆಯಿಡುವುದನ್ನು ಹೇಳತೊಡಗಿತು. ಭಾಷಾಶಾಸ್ತ್ರದಲ್ಲಿ ಇದಕ್ಕೆ ಅರ್ಥಾಪಕರ್ಷವೆಂದು ಹೆಸರು. ಆದರೆ ಪದದ ಅರ್ಥ ತಾನಾಗಿಯೇ ಕೆಳಗಿಳಿಯುವುದಿಲ್ಲ. ಅದನ್ನು ಹೊತ್ತ ಜನ ಕೆಳಗಿಳಿದಾಗ ಅದೂ ಇಳಿಯುತ್ತದೆ.

ಈ ಇಳಿತದ ಕ್ರಮ ಹಳ್ಳಿಯವರಿಗೆಲ್ಲ ಗೊತ್ತಿರುವಂಥದೇ. ಬಿತ್ತನೆಯ ಹೊತ್ತಿಗೆ ಕೈಗಡ. ಬೆಳೆ ಬರದಿದ್ದಾಗ ಅದರ ಮೇಲೆ ಬಡ್ಡಿ. ಬಡ್ಡಿ ಅಸಲಿಗೆ ಸೇರಿ ಚಕ್ರಬಡ್ಡಿ. ಅನಂತರ ಒಡವೆಯ ಅಡವು, ಹೊಲದ ಭೋಗ್ಯ. ಅಡವಿಡಲು ಏನೂ ಇಲ್ಲದವನು ತನ್ನ ಮೈಯನ್ನೋ ಮಗನ ಮೈಯನ್ನೋ ಅಡವಿಡುತ್ತಿದ್ದನು. 1875ರಲ್ಲಿ ಪುಣೆ ಮತ್ತು ಅಂದಿನ ಅಹಮದ್‌ನಗರ ಜಿಲ್ಲೆಗಳ ರೈತರು ಲೇವಾದೇವಿಗಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಕಸಿದು ಸುಟ್ಟರು. ಆ ದಂಗೆಯ ಪರಿಣಾಮವಾಗಿ 1879ರಲ್ಲಿ ದಖ್ಖನಿನ ಕೃಷಿಕರ ಪರಿಹಾರ ಕಾಯಿದೆ ಬಂದಿತು. ರೈತರು ಸುಟ್ಟದ್ದು ಮನುಷ್ಯರನ್ನಲ್ಲ, ಮನೆಗಳನ್ನಲ್ಲ, ಮುಖ್ಯವಾಗಿ ಕಾಗದಗಳನ್ನು. ತಮ್ಮನ್ನು ಕಟ್ಟಿಹಾಕಿದ್ದು ಯಾವುದೆಂಬ ತಿಳಿವು ಅವರಿಗೆ ಸ್ಪಷ್ಟವಾಗಿತ್ತು.

ಜೀತವನ್ನು ಕಾನೂನಿನಿಂದ ಕಿತ್ತೊಗೆಯಲು ಇನ್ನೊಂದು ಶತಮಾನವೇ ಬೇಕಾಯಿತು. 1976ರ ಜೀತಪದ್ಧತಿ ರದ್ದಿಯಾತಿ ಅಧಿನಿಯಮ 1975ರ ಅಕ್ಟೋಬರ್ 25ರಿಂದ ಅನ್ವಯವಾಗುವಂತೆ ಜಾರಿಗೆ ಬಂದಿತು. ಜೀತಕ್ಕೆ ಕಾರಣವಾದ ಸಾಲವೆಲ್ಲ ಅಂದಿಗೆ ತೀರಿದಂತೆಯೇ ಎಂದು ಅದು ಸಾರಿತು. ಬಿಡುಗಡೆ ಹೊಂದಿದ ಆಳನ್ನು ಅವನು ವಾಸವಾಗಿರುವ ಮನೆಯಿಂದ ಎಬ್ಬಿಸಕೂಡದು ಎಂದೂ ವಿಧಿಸಿತು. ಕಾಯಿದೆ ಬರೆದವರಿಗೂ ಮರ್ಮ ತಿಳಿದಿತ್ತು: ಸಾಲ ಹರಿದರೂ ನೆಲೆ ಇಲ್ಲದವನು ಮರುದಿನವೇ ಮತ್ತೊಬ್ಬ ಒಡೆಯನ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ.

ಕಾನೂನು ಜೀತವನ್ನು ತೆಗೆದುಹಾಕಿತು. ಸಾಲದ ಬಾಧೆಯನ್ನು ತೆಗೆದುಹಾಕಲಿಲ್ಲ. ರೈತರ ಆತ್ಮಹತ್ಯೆಗಳು ನಾಡನ್ನು ಕಲಕಿದಾಗ ಕರ್ನಾಟಕ ಸರ್ಕಾರ ಕೃಷಿ ವಿಶ್ವವಿದ್ಯಾನಿಲಯದ ನಿವೃತ್ತ ಕುಲಪತಿ ಡಾ. ಜಿ. ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 2002ರಲ್ಲಿ ಅದರ ವರದಿ ಬಂದಿತು. ಅನಂತರದ ವರ್ಷಗಳಲ್ಲಿಯೂ ಆ ದುಃಖ ನಿಂತಿಲ್ಲ. ಅಂಥ ಮನೆಯ ಮಗು ನಮ್ಮ ತರಗತಿಗಳಲ್ಲಿ ಕುಳಿತಿರಬಹುದು. ಚೂಟಿಯಾಗಿದ್ದ ಹುಡುಗ ಹಠಾತ್ತನೆ ಮೌನಿಯಾದರೆ, ಶುಲ್ಕದ ಮಾತು ಬಂದಾಗ ತಲೆ ತಗ್ಗಿಸಿದರೆ, ಉಪಾಧ್ಯಾಯರು ಅದನ್ನು ಅಶಿಸ್ತು ಎಂದೆಣಿಸದೆ ಮನೆಯ ಸ್ಥಿತಿಯನ್ನು ವಿಚಾರಿಸಬೇಕು. ಎಷ್ಟೋ ವೇಳೆ ಊರಿಗಿಂತ ಮೊದಲು ಶಾಲೆಗೇ ಆ ಸಂಕಟದ ಸುಳಿವು ಸಿಕ್ಕುತ್ತದೆ.

3. ಮುಯ್ಯಿ

ಮುಯ್ಯಿ ಎಂದರೆ ಪಡೆದುದಕ್ಕೆ ಪ್ರತಿಯಾಗಿ ಕೊಡುವುದು. ಮದುವೆಯ ಮನೆಯಲ್ಲಿ ಮಾಡುವ ಮುಯ್ಯಿ ನಮಗೆಲ್ಲ ಪರಿಚಿತ. ಒಕ್ಕಲು ಮಕ್ಕಳಲ್ಲಿ ಇನ್ನೂ ಮಹತ್ವದ್ದು ಮುಯ್ಯಾಳು. ಇಂದು ನಿಮ್ಮ ಹೊಲದ ಕಳೆಗೆ ನಮ್ಮ ಮನೆಯ ಇಬ್ಬರು, ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯ ಇಬ್ಬರು. ಇಲ್ಲಿ ಕೂಲಿಯಿಲ್ಲ, ಬಡ್ಡಿಯಿಲ್ಲ, ಉಪಕಾರದ ಭಾರವೂ ಇಲ್ಲ. ಎಷ್ಟೇ ಬಡವನಾದರೂ ಹಿಂದಿರುಗಿಸಲು ಅವನ ಬಳಿ ಎರಡು ತೋಳುಗಳಿರುತ್ತವೆ. ಪಡೆದವನು ಕೊಡುವವನೂ ಆಗುವುದರಿಂದ ಇಬ್ಬರ ಮುಖವೂ ಬಾಡುವುದಿಲ್ಲ.

ಈ ಹಳೆಯ ಕ್ರಮಕ್ಕೆ ಕಾನೂನಿನ ಉಡುಪು ತೊಡಿಸಿದಂತೆ ಬಂದದ್ದು ಸಹಕಾರ ಸಂಘ. ಜರ್ಮನಿಯ ರೈಫೈಸನ್ ಹಳ್ಳಿಗರಿಗಾಗಿ ಕಟ್ಟಿದ ಪತ್ತಿನ ಸಂಘಗಳ ಮಾದರಿಯನ್ನು ಮದರಾಸು ಪ್ರಾಂತದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅಧ್ಯಯನ ಮಾಡಿ ವರದಿ ಬರೆದನು. ಅದರ ಫಲವಾಗಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಹತ್ತು ಜನ ಕೂಡಿದರೆ ಒಂದು ಸಂಘ. ಗ್ರಾಮೀಣ ಸಂಘವಾದರೆ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಕೃಷಿಕರಾಗಿರಬೇಕು. ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ಮಿತಿಯಿಲ್ಲದ ಹೊಣೆ ಹೊರಬೇಕು. ಈ ಕೊನೆಯ ನಿಯಮವನ್ನು ಕೇಳಿದವರು ಬೆಚ್ಚಬಹುದು. ಅದರ ಉದ್ದೇಶ ಬೇರೆ. ಒಬ್ಬೊಬ್ಬನಾಗಿ ನಂಬಿಕೆಗೆ ಅರ್ಹನಲ್ಲವೆಂದು ಸಾಹುಕಾರ ತಳ್ಳಿದ ಹತ್ತು ಜನ, ಒಬ್ಬರಿಗೊಬ್ಬರು ಹೊಣೆಯಾದಾಗ ನಂಬಿಕೆಗೆ ಪಾತ್ರರಾಗುತ್ತಾರೆ. ಪತ್ತು ಎಂಬುದು ಹಣಕ್ಕಿಂತ ಮೊದಲು ನಂಬಿಕೆಯ ಹೆಸರು.

ಮರುವರ್ಷ, 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಯ ಗದಗ ತಾಲ್ಲೂಕಿನ ಕಣಗಿನಹಾಳ ಎಂಬ ಹಳ್ಳಿಯಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಕೃಷಿ ಪತ್ತಿನ ಸಂಘ ಸ್ಥಾಪಿತವಾಯಿತು. ಇಡೀ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದು ಒಂದು. ಊರಿನ ಗೌಡರು ಬೇಕೆಂದಿದ್ದರೆ ಬಡ ರೈತರಿಗೆ ಕಾಳು ಹಂಚಿ ಕೀರ್ತಿ ಪಡೆಯಬಹುದಿತ್ತು. ಹಾಗೆ ಮಾಡದೆ, ರೈತರು ತಾವೇ ಒಡೆಯರಾದ ಸಂಸ್ಥೆಯೊಂದನ್ನು ಕಟ್ಟಿದರು. ಹಂಚಿದ ಕಾಳು ಒಂದು ಬೇಸಗೆಗೆ ಮುಗಿಯುತ್ತಿತ್ತು. ಕಣಗಿನಹಾಳದಲ್ಲಿ ನೆಟ್ಟ ತತ್ತ್ವ ನೂರು ವರ್ಷ ದಾಟಿ ನಾಡಿನ ಊರೂರಿಗೆ ಹಬ್ಬಿದೆ. ಸಹಕಾರ ಸಂಘಗಳಲ್ಲಿಯೂ ಪಕ್ಷಪಾತ, ಹಣದ ದುರುಪಯೋಗಗಳು ನಡೆದಿವೆ ಎಂಬುದು ನಿಜ. ತತ್ತ್ವ ಕೆಟ್ಟಿತೆಂದು ಅದರ ಅರ್ಥವಲ್ಲ. ಸದಸ್ಯರು ಲೆಕ್ಕ ಕೇಳುವುದನ್ನು ಬಿಟ್ಟರು ಎಂದು ಅರ್ಥ.

ಇಲ್ಲಿ ಶ್ರೀಮಠದ ಪರಂಪರೆಯ ಒಂದು ಮಾತನ್ನು ಸ್ಮರಿಸುವುದು ಅಪ್ರಸ್ತುತವಾಗಲಾರದು. ಕೊಡುವುದಕ್ಕೆ ಶರಣರು ದಾನವೆಂಬ ಹೆಸರನ್ನು ಸಾಲದೆಂದು ಬಗೆದು ದಾಸೋಹವೆಂದರು. 'ದಾಸೋಽಹಂ', ನಾನು ದಾಸನು, ಎಂಬುದು ಅದರ ಮೂಲ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಸೇವಕ. ಆಯ್ದಕ್ಕಿ ಮಾರಯ್ಯನ ವೃತ್ತಾಂತ ಎಲ್ಲರಿಗೂ ತಿಳಿದದ್ದೇ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಆತ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದು ನಮಗೆ ಸಲ್ಲದೆಂದು ಪತ್ನಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಬಡವರಿಗೆ ಏನು ಸಲ್ಲುತ್ತದೆ ಎಂಬುದನ್ನು ತೀರ್ಮಾನಿಸಿದವರು ಇಲ್ಲಿ ಸಿರಿವಂತರಲ್ಲ, ಆ ಬಡವರೇ. ನೆರವು ನೀಡಹೊರಟವರು ಈ ಕಥೆಯಿಂದ ಕಲಿಯಬೇಕಾದ ಮೊದಲ ಪಾಠ, ಕೇಳದೆ ಕೊಡಬಾರದು ಎಂಬುದು.

4. ಹಕ್ಕು

ನಾಲ್ಕನೆಯ ಪದ ಕನ್ನಡದ ಹುಟ್ಟುನುಡಿಯಲ್ಲ. ಅರಬ್ಬಿಯ ಹಕ್ ಶಬ್ದ ಪಾರಸಿ ಹಾಗೂ ಉರ್ದುವಿನ ಮೂಲಕ ಆಡಳಿತದ ಭಾಷೆಗೆ ಬಂದು, ಹಕ್ಕುಬಾಧ್ಯತೆ, ಹಕ್ಕುಪತ್ರ ಎಂಬ ಜೋಡಿಗಳಲ್ಲಿ ನೆಲೆಸಿ, ಇಂದು ನಮ್ಮದೇ ಆಗಿಬಿಟ್ಟಿದೆ. ಒಕ್ಕಲು ಎಂಬುದು ಅನುಭವದಿಂದ ಬಂದ ನೆಲೆ. ಹಕ್ಕು ಎಂಬುದು ಆ ನೆಲೆಯನ್ನು ರಾಜ್ಯ ಒಪ್ಪಿದ ಗುರುತು. ಮೊದಲನೆಯದು ಇದ್ದು ಎರಡನೆಯದು ಇಲ್ಲದವರ ಪಾಡು ಏನೆಂಬುದಕ್ಕೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಚರಿತ್ರೆ ಸಾಕ್ಷಿ.

ಚಾಮರಾಜನಗರ ಜಿಲ್ಲೆಯ ಈ ಬೆಟ್ಟಸಾಲಿನಲ್ಲಿ ಸೋಲಿಗರ ಪೋಡುಗಳಿವೆ. ಪೋಡು ಎಂದರೆ ಅವರ ವಸತಿ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಸೋಲಿಗರು ಅಪರಿಚಿತರಲ್ಲ. ದೇವರಗುಡ್ಡರು ಕಂಸಾಳೆಯೊಡನೆ ಹಾಡುವ ಮಲೆಯ ಮಾದೇಶ್ವರನ ಮಹಾಕಾವ್ಯದಲ್ಲಿ ಸಂಕಮ್ಮ ಮತ್ತು ನೀಲೇಗೌಡರ ಪ್ರಸಂಗ ಸೋಲಿಗರದೇ. ಬಿಳಿಗಿರಿರಂಗನು ಸೋಲಿಗರ ಕನ್ಯೆ ಕುಸುಮಾಲೆಯನ್ನು ವರಿಸಿದನೆಂಬ ಐತಿಹ್ಯದಂತೆ ಅವರು ಆ ಸ್ವಾಮಿಯನ್ನು ಭಾವನೆಂದೇ ಕರೆಯುತ್ತಾರೆ. ದೈವವೇ ನೆಂಟನಾದ ಬೆಟ್ಟದಲ್ಲಿ ತಾವು ಇರಲು ಅಪ್ಪಣೆಯ ಕಾಗದ ಬೇಕೆಂದು ಅವರಿಗೆ ಹೊಳೆದಿರಲಾರದು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಬಂದಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾಯಿತು. ಮುಂದೆ ಅದು ಸುಮಾರು 540 ಚದರ ಕಿಲೋಮೀಟರಿಗೆ ವಿಸ್ತರಿಸಿತು. ಕಾಡು ಕಡಿದು ಸುಟ್ಟು ರಾಗಿ ಬಿತ್ತುವ ಕುಮರಿ ಬೇಸಾಯ ನಿಂತಿತು, ಬೇಟೆ ನಿಂತಿತು. ಒಳಗಾಡಿನ ಅನೇಕ ಪೋಡುಗಳ ಜನ ಅಂಚಿಗೆ ಬಂದರು. ಉಳಿದ ಆಧಾರ ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂ ಮುಂತಾದ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹ. ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು, ಲ್ಯಾಂಪ್ಸ್ ಎಂಬ ಹೆಸರಿನವು, ಅವನ್ನು ಕೊಳ್ಳುತ್ತಿದ್ದವು. ಅವರ ಕೈಗೆ ಬರುವ ನಗದಿನ ಅರ್ಧದಷ್ಟು ಈ ಮೂಲದಿಂದ ಬರುತ್ತಿತ್ತೆಂದು 1990ರ ದಶಕದ ಅಧ್ಯಯನಗಳು ತೋರಿಸಿವೆ. 2006ರ ಹೊತ್ತಿಗೆ ಮಾರಾಟಕ್ಕಾಗಿ ಸಂಗ್ರಹಿಸುವುದನ್ನೂ ನಿಷೇಧಿಸಲಾಯಿತು. ಬೆಟ್ಟದವರು ದೂರದ ತೋಟಗಳಿಗೂ ಕಲ್ಲುಕ್ವಾರಿಗಳಿಗೂ ಕೂಲಿ ಹುಡುಕಿಕೊಂಡು ಹೋಗಬೇಕಾಯಿತು.

ಈ ಅವಧಿಯಲ್ಲಿ ಅವರಿಗೆ ಒದಗಿದವರಲ್ಲಿ ಡಾ. ಎಚ್. ಸುದರ್ಶನ್ ಅವರ ಹೆಸರು ಗಣ್ಯವಾದುದು. 1981ರಲ್ಲಿ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ವೈದ್ಯರಾಗಿ ಬಂದವರು ಔಷಧದಲ್ಲಿಯೇ ನಿಲ್ಲದೆ ಶಾಲೆಯನ್ನು ನಡೆಸಿದರು, ಕಸುಬಿನ ತರಬೇತಿ ಕೊಟ್ಟರು, ಸೋಲಿಗರು ತಮ್ಮದೇ ಸಂಘ ಕಟ್ಟಿಕೊಳ್ಳಲು ನೆರವಾದರು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ 2000ದಲ್ಲಿ ಪದ್ಮಶ್ರೀಯೂ ಸಂದವು. ಪ್ರಶಸ್ತಿಗಿಂತ ಮುಖ್ಯವಾದುದು, ರೋಗಕ್ಕೆ ಮದ್ದು ಕೊಡುವವರು ರೋಗದ ಕಾರಣವಾದ ಬಡತನವನ್ನೂ, ಬಡತನದ ಕಾರಣವಾದ ಹಕ್ಕಿನ ಅಭಾವವನ್ನೂ ನೋಡಿದರು ಎಂಬುದು.

2006ರಲ್ಲಿಯೇ ಸಂಸತ್ತು ಅರಣ್ಯ ಹಕ್ಕುಗಳ ಮಾನ್ಯತೆ ಕಾಯಿದೆಯನ್ನು ಅಂಗೀಕರಿಸಿತು. ಇದರ ಕೆಲವು ಅಂಶಗಳನ್ನು ಉಪಾಧ್ಯಾಯರು ಅವಶ್ಯವಾಗಿ ತಿಳಿದಿರಬೇಕು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯನ್ನು ಅನುಭವಿಸುತ್ತಿರುವ ಪರಿಶಿಷ್ಟ ಪಂಗಡದವರಿಗೆ ಗರಿಷ್ಠ ನಾಲ್ಕು ಹೆಕ್ಟೇರುಗಳವರೆಗೆ ಹಕ್ಕು ದೊರೆಯುತ್ತದೆ. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಹಕ್ಕುಪತ್ರ ಗಂಡಹೆಂಡಿರಿಬ್ಬರ ಹೆಸರಿನಲ್ಲಿಯೂ ಇರಬೇಕು. ಅದು ಮಕ್ಕಳಿಗೆ ಸಲ್ಲುತ್ತದೆ, ಆದರೆ ಮಾರಲು ಬರುವುದಿಲ್ಲ. ಸಾಲಗಾರನಿಗೆ ನೆಲ ಹೋಗದಂತೆ ಹಾಕಿದ ಬೇಲಿ ಇದು. ಜೇನು, ಮೇಣ, ಬಿದಿರು, ಗೆಡ್ಡೆಗೆಣಸು, ಔಷಧೀಯ ಸಸ್ಯ ಮೊದಲಾದ ಕಿರು ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವ ಹಕ್ಕೂ, ತಮ್ಮ ಕಾಡನ್ನು ಕಾಪಾಡಿ ನಿರ್ವಹಿಸುವ ಹಕ್ಕೂ ಸಮುದಾಯಕ್ಕೆ ಇವೆ. ಅರ್ಜಿ ಮೊದಲು ಗ್ರಾಮಸಭೆಗೆ, ಅಲ್ಲಿಂದ ಉಪವಿಭಾಗದ ಸಮಿತಿಗೆ, ಕೊನೆಗೆ ಜಿಲ್ಲಾ ಸಮಿತಿಗೆ ಹೋಗುತ್ತದೆ. ತಿರಸ್ಕೃತವಾದರೆ ಕಾರಣವನ್ನು ತಿಳಿಸಬೇಕು. 60 ದಿನಗಳೊಳಗೆ ಮೇಲಿನ ಸಮಿತಿಗೆ ಮನವಿ ಸಲ್ಲಿಸಬಹುದು.

ಸಾಕ್ಷ್ಯದ ವಿಷಯದಲ್ಲಿ ಈ ಕಾಯಿದೆಯ ನಿಯಮಗಳು ಉದಾರವಾಗಿವೆ. ಸರ್ಕಾರಿ ದಾಖಲೆ ಮಾತ್ರವಲ್ಲ. ಹಳೆಯ ಮನೆಯ ಪಾಯ, ಬಾವಿ, ಸಮಾಧಿ, ಪೂಜಾಸ್ಥಾನಗಳೂ ಸಾಕ್ಷ್ಯವೇ. ಅರ್ಜಿದಾರನಲ್ಲದ ಹಿರಿಯರೊಬ್ಬರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಅಕ್ಷರವಿಲ್ಲದವರ ಸ್ಮೃತಿಗೆ ಕಾನೂನು ಕೊಟ್ಟ ಈ ಮನ್ನಣೆ ಅಪೂರ್ವವಾದುದು. ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದರ ಎಲ್ಲೆಯುಂಟು. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರ, ಅಬ್ಬಿ, ಕಲ್ಲುಗುಡಿ ಎಂಬ ಪೂಜ್ಯಸ್ಥಾನಗಳಿವೆ. ಅಬ್ಬಿ ಎಂದರೆ ಹರಿಯುವ ನೀರಿನ ತಾಣ, ಕಲ್ಲುಗುಡಿ ಎಂದರೆ ಸಮಾಧಿಯ ನೆಲ. ಹಿರಿಯರು ಮುಂದೆ ನಡೆದು ತೋರಿಸಿದಂತೆ ಇಂಥ ನಾನೂರಕ್ಕೂ ಹೆಚ್ಚು ತಾಣಗಳನ್ನು ಸಂಶೋಧಕರೊಡಗೂಡಿ ನಕ್ಷೆಯಲ್ಲಿ ಗುರುತಿಸಲಾಯಿತು. 2011ರ ಆರಂಭದಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು.

ಹಕ್ಕುಪತ್ರ ಬಂದಮಾತ್ರಕ್ಕೆ ಬದುಕು ಹಸನಾಯಿತೆಂದು ಹೇಳುವಂತಿಲ್ಲ. ಲಂಟಾನ ಎಂಬ ಪರದೇಶದ ಪೊದೆ ಕಾಡಿನ ನೆಲವನ್ನೆಲ್ಲ ಆವರಿಸಿದೆ. ನೆಲ್ಲಿಯ ಮರಗಳಿಗೆ ಬಂದಳಿಕೆ ಹಿಡಿದಿದೆ. ಬೇಸಗೆಯ ಆರಂಭದಲ್ಲಿ ಒಣಗಿದ ಎಲೆಗೆ ಇಡುತ್ತಿದ್ದ ಸಣ್ಣ ಉರಿ, ತಮ್ಮ ನುಡಿಯಲ್ಲಿ ತರಗುಬೆಂಕಿ, ನಿಂತುಹೋದದ್ದೇ ಇದಕ್ಕೆ ಕಾರಣವೆಂದು ಸೋಲಿಗರು ಬಹುಕಾಲದಿಂದ ಹೇಳುತ್ತಿದ್ದಾರೆ. ಅವರ ಈ ಮಾತನ್ನು ವಿಜ್ಞಾನಿಗಳೂ ಗಂಭೀರವಾಗಿ ಪರಿಗಣಿಸಿ ಅಧ್ಯಯನ ನಡೆಸಿದ್ದಾರೆ. ನಾವು ಯಾರನ್ನು ಉದ್ಧರಿಸಹೊರಟೆವೋ ಅವರಿಂದಲೇ ಕಲಿಯಬೇಕಾದ ವಿದ್ಯೆಯೊಂದಿದೆ ಎಂದಾಯಿತು. ಮುಯ್ಯಿಯ ತತ್ತ್ವ ಇಲ್ಲಿಯೂ ಸಲ್ಲುತ್ತದೆ.

5. ನಾವು ಮಾಡಬಹುದಾದದ್ದು

ನಾಲ್ಕು ಪದಗಳ ವಿಚಾರದಿಂದ ಹೊರಡುವ ತಾತ್ಪರ್ಯ ಇಷ್ಟು: ಒಕ್ಕಲನ್ನು ಉಳಿಸುವುದು ಹಕ್ಕು, ಮಾನವನ್ನು ಉಳಿಸುವುದು ಮುಯ್ಯಿ. ಇವೆರಡೂ ತಪ್ಪಿದಲ್ಲಿ ಜೀತ ಹೊಸ ಹೆಸರು ಹೊತ್ತು ಮರಳಿ ಬರುತ್ತದೆ. ನಮ್ಮ ಶಾಲೆಯ ಉಪಾಧ್ಯಾಯರೂ ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಇದನ್ನು ಕಾರ್ಯರೂಪಕ್ಕೆ ಹೇಗೆ ತರಬಹುದೆಂಬ ಬಗ್ಗೆ ಕೆಲವು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ.

ಮೊದಲನೆಯದು ಕಾಗದದ ಸೇವೆ. ಹಿರಿಯ ವಿದ್ಯಾರ್ಥಿಗಳಲ್ಲಿ ಕಂದಾಯ ಇಲಾಖೆಯಲ್ಲಿ, ಬ್ಯಾಂಕಿನಲ್ಲಿ, ವಕೀಲಿ ವೃತ್ತಿಯಲ್ಲಿ ಇರುವವರು ಅನೇಕರು. ಇಂದು ಬೆಳೆಸಾಲವಾಗಲಿ, 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ನಿಧಿಯ ವಾರ್ಷಿಕ 6000 ರೂಪಾಯಿಯಾಗಲಿ, ಬರ ಪರಿಹಾರವಾಗಲಿ, ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತದೆ. ಅಲ್ಪಾವಧಿ ಬೆಳೆಸಾಲದ ಬಡ್ಡಿರಹಿತ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸುವುದಾಗಿ 2023ರ ರಾಜ್ಯ ಆಯವ್ಯಯ ಸಾರಿತು. ಆದರೆ ಎಷ್ಟೋ ಹೊಲಗಳ ಪಹಣಿಯಲ್ಲಿ ತೀರಿಹೋದ ತಾತನ ಹೆಸರೇ ಇದೆ. ಪೌತಿ ಖಾತೆ ಮಾಡಿಸಿಕೊಳ್ಳದ ಕಾರಣ, ಮೂವತ್ತು ವರ್ಷ ಉತ್ತವನು ಕಾನೂನಿನ ಕಣ್ಣಿಗೆ ರೈತನೇ ಅಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಪಾಡಂತೂ ಇನ್ನೂ ಕಷ್ಟ. ಬಾಯಿಮಾತಿನ ಗುತ್ತಿಗೆಗೆ ಉಳುವವನಿಗೆ ಬೆಳೆ ನಾಶವಾದರೂ ಪರಿಹಾರ ಮಾಲೀಕನ ಖಾತೆಗೆ ಹೋಗುತ್ತದೆ. ಸಂತೆಯ ದಿನ ಶಾಲೆಯ ಒಂದು ಕೊಠಡಿಯಲ್ಲಿ ಇಬ್ಬರು ತಿಳಿದವರು ಕುಳಿತು ಅರ್ಜಿ ಬರೆದುಕೊಟ್ಟರೆ, ಅರಣ್ಯ ಹಕ್ಕಿನ ಅರ್ಜಿಗೆ ಹಿರಿಯರ ಹೇಳಿಕೆಯನ್ನು ಶುದ್ಧವಾಗಿ ದಾಖಲಿಸಿಕೊಟ್ಟರೆ, ಅದು ನೂರು ಕಂಬಳಿ ಹಂಚಿದ್ದಕ್ಕಿಂತ ಮಿಗಿಲು. ಅಕ್ಷರ ಕಲಿತವನ ಋಣ ಅಕ್ಷರದಿಂದಲೇ ತೀರಬೇಕು.

ಎರಡನೆಯದು ಕೊಳ್ಳುವ ಸೇವೆ. ಪ್ರಸಾದನಿಲಯದಲ್ಲಿ ನಿತ್ಯ ಅಡುಗೆಯಾಗುತ್ತದೆ. ರಾಗಿ, ಜೋಳ, ನವಣೆ, ಸಾಮೆ, ಬೇಳೆಗಳನ್ನು ದಲ್ಲಾಳಿಯ ಮೂಲಕ ಕೊಳ್ಳುವ ಬದಲು, ಸಣ್ಣ ರೈತರ ಸಂಘಗಳಿಂದ ಸುಗ್ಗಿಗೆ ಮೊದಲೇ ಬೆಲೆ ಮಾತಾಡಿ ಕೊಳ್ಳಬಹುದು. ಜೇನು, ನೆಲ್ಲಿಗಳನ್ನು ಗಿರಿಜನರ ಸಹಕಾರ ಸಂಘಗಳಿಂದ ತರಿಸಬಹುದು. ದಾನಿಗಳು ಕೊಡುವ ಹಣ ಹೀಗೆ ಎರಡು ಬಾರಿ ಫಲ ಕೊಡುತ್ತದೆ: ಮಕ್ಕಳ ಹಸಿವು ಹಿಂಗುತ್ತದೆ, ಬೆಳೆದವನಿಗೆ ನ್ಯಾಯವಾದ ಬೆಲೆ ಸಿಕ್ಕುತ್ತದೆ. ಅವನು ಪಡೆದದ್ದು ಭಿಕ್ಷೆಯಲ್ಲ, ತನ್ನ ಕಾಯಕದ ಮೌಲ್ಯ.

ಮೂರನೆಯದು ತರಗತಿಯ ಸೇವೆ. ಸುಗ್ಗಿಯ ಕಾಲದಲ್ಲಿ, ಕಾಡಿನ ಸಂಗ್ರಹದ ಕಾಲದಲ್ಲಿ ಕೆಲವು ಮಕ್ಕಳು ಬಾರದಿರುತ್ತಾರೆ. ಹೆಸರು ಹೊಡೆದುಹಾಕುವುದು ಸುಲಭ. ಅವರು ಹಿಂದಿರುಗಿದಾಗ ತಪ್ಪಿದ ಪಾಠವನ್ನು ಸಂಜೆ ಕೂರಿಸಿ ಹೇಳುವುದು ಉಪಾಧ್ಯಾಯ ಧರ್ಮ. ಭಾಷೆಯ ಬಗ್ಗೆಯೂ ಒಂದು ಮಾತು. ಸೋಲಿಗ ನುಡಿ ಕನ್ನಡಕ್ಕೆ ತೀರ ಸಮೀಪದ ದ್ರಾವಿಡ ನುಡಿ. ಆ ಮಗು ತನ್ನ ಮನೆಯ ಮಾತನ್ನಾಡಿದಾಗ ಅಶುದ್ಧ ಕನ್ನಡವೆಂದು ಗದರಿಸುವುದು ಶಾಸ್ತ್ರಸಮ್ಮತವೂ ಅಲ್ಲ, ಧರ್ಮಸಮ್ಮತವೂ ಅಲ್ಲ. ಅದು ಅಶುದ್ಧವಲ್ಲ, ಬೇರೆ. ಗ್ರಾಂಥಿಕ ಕನ್ನಡವನ್ನು ಅದರ ಪಕ್ಕದಲ್ಲಿ ಕಲಿಸೋಣ. ಅದರ ಮೇಲೆ ಹೇರುವುದು ಬೇಡ. ತನ್ನ ನುಡಿಗೆ ನಾಚಿದ ಮಗು ಮುಂದೆ ತನ್ನ ತಾಯಿತಂದೆಯರಿಗೂ ನಾಚುತ್ತದೆ.

ನಾಲ್ಕನೆಯದು ಬಿಡಬೇಕಾದ ಒಂದು ಪದ. ಇತ್ತೀಚೆಗೆ ಹಳ್ಳಿಯನ್ನು, ಹಾಡಿಯನ್ನು ದತ್ತು ತೆಗೆದುಕೊಳ್ಳುವುದೆಂಬ ಮಾತು ರೂಢಿಗೆ ಬಂದಿದೆ. ದತ್ತು ತೆಗೆದುಕೊಳ್ಳುವುದು ಮಗುವನ್ನು. ನಮಗೆ ಅನ್ನ ಬೆಳೆದುಕೊಡುವ, ನಮ್ಮ ನದಿಗಳ ತಲೆಯಲ್ಲಿ ಕಾಡು ಕಾಯುವ ಪ್ರೌಢ ಜನರನ್ನು ಮಗುವಾಗಿಸುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ಊರಿನೊಡನೆ ಮುಯ್ಯಿ ಕಟ್ಟುವುದೆಂದರೆ ಸಾಕು. ಕೊಡುವ ಮೊದಲು ಗ್ರಾಮಸಭೆಯನ್ನು ಕೇಳೋಣ. ಕೊಟ್ಟ ಮೇಲೆ ಫಲಕ ನೆಡುವುದನ್ನು ಬಿಡೋಣ.

ಇಂಥ ಕಾರ್ಯಗಳಿಗೆ ಹೆಚ್ಚು ಹಣ ಬೇಕಿಲ್ಲ. ಸಮಯವೂ ತಾಳ್ಮೆಯೂ ಬೇಕು. ಕಚೇರಿಯ ಬಾಗಿಲಲ್ಲಿ ರೈತನೊಬ್ಬನ ಜೊತೆ ಅರ್ಧ ದಿನ ನಿಲ್ಲುವುದು ಬಂಗಾರ ಕೊಡುವುದಕ್ಕಿಂತ ಕಷ್ಟವೆಂಬುದನ್ನು ಬಲ್ಲವರು ಬಲ್ಲರು. ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಹೆಸರು ಬರೆಸದೆ ಮನೆಯ ಹಿಡಿ ಧಾನ್ಯ ಕೊಟ್ಟ ಒಕ್ಕಲು ಮಕ್ಕಳೂ ಸೇರಿದ್ದಾರೆ. ಅವರು ಮಾಡಿದ ಮುಯ್ಯಿಯನ್ನು ಹಿಂದಿರುಗಿಸುವ ಸರದಿ ಈಗ ನಮ್ಮದು. ಮುಂದಿನ ವರ್ಷದ ಸಂಚಿಕೆಯಲ್ಲಿ ದಾನಿಗಳ ನಾಮಾವಳಿಯ ಜೊತೆಗೆ, ಈ ವರ್ಷ ತಿದ್ದಿಸಿಕೊಟ್ಟ ಪಹಣಿಗಳು ಇಷ್ಟು, ಬರೆದುಕೊಟ್ಟ ಹಕ್ಕಿನ ಅರ್ಜಿಗಳು ಇಷ್ಟು, ರೈತರಿಂದ ನೇರವಾಗಿ ಕೊಂಡ ಧಾನ್ಯ ಇಷ್ಟು ಚೀಲ, ಶಾಲೆಗೆ ಮರಳಿದ ಮಕ್ಕಳು ಇಷ್ಟು ಎಂಬ ಒಂದು ಪುಟ ಅಚ್ಚಾಗಲಿ ಎಂದು ಆಶಿಸುತ್ತೇನೆ.